ಸೆವಿಲ್‌ಗೆ 470 ಕಿ.ಮೀ., ಬೆಂಗಳೂರಿಗೂ 470 ಕಿ.ಮೀ. ಅವರಿಗೆ ಎರಡೂವರೆ ತಾಸು, ನಮಗೆ ಐದು ತಾಸಿಗೂ ಜಾಸ್ತಿ. ಯಾಕೆ?

ಉಣಕಲ್‌ದಂಡಿ | ಶನಿವಾರ ರಾತ್ರಿ 9:50

ನಿನ್ನೆ ನಸುಕಿನಲ್ಲಿ ಬೆಂಗಳೂರು ಬಿಟ್ಟು ವಂದೇ ಭಾರತ್‌ನಲ್ಲಿ ಹುಬ್ಬಳ್ಳಿಗೆ ಬಂದೆ. ಗಾಡಿ ಚೆನ್ನಾಗಿದೆ, ಆ ಬಗ್ಗೆ ತಕರಾರಿಲ್ಲ. ಮುಂದಿನ ಸೀಟಿನಲ್ಲಿ ಆರೇಳು ವರ್ಷದ ಹುಡುಗ. ಅಪ್ಪನ ಫೋನಿನಲ್ಲಿ ಸ್ಪೀಡ್ ತೋರಿಸುವ ಆ್ಯಪ್ ಹಾಕಿಕೊಂಡು ಕೂತಿದ್ದ. ನೂರು ದಾಟಿದಾಗೆಲ್ಲ ಇಡೀ ಡಬ್ಬಿಗೆ ಕೇಳುವ ಹಾಗೆ ಕೂಗುತ್ತಿದ್ದ. ರಾಣೆಬೆನ್ನೂರು ದಾಟಿದ ಮೇಲೆ ಕೇಳಿದ: "ಪಪ್ಪಾ, ಬುಲೆಟ್ ಟ್ರೇನು ಎಷ್ಟಕ್ಕ ಹೋಗ್ತದ?" "ಮುನ್ನೂರಕ್ಕ." "ಮತ್ತ ಇದ್ಯಾಕ ಹೋಗವಲ್ದು?" ಅಪ್ಪ ಕಿಟಕಿ ಕಡೆ ತಿರುಗಿದ. ನಾನೂ ತಿರುಗಿದೆ.

ಮನೆಗೆ ಬಂದವನೇ ಹುಡುಕುತ್ತಾ ಕೂತೆ. ಸ್ಪೇನ್‌ನಲ್ಲಿ ಮ್ಯಾಡ್ರಿಡ್‌ನಿಂದ ಸೆವಿಲ್‌ಗೆ ಹೈಸ್ಪೀಡ್ ಹಳಿ ಸುಮಾರು 470 ಕಿ.ಮೀ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ರೈಲಿನ ದೂರವೂ ಹೆಚ್ಚುಕಡಿಮೆ ಅಷ್ಟೇ. ಅವರ ಗಾಡಿ ಎರಡೂವರೆ ತಾಸಿನಲ್ಲಿ ಮುಟ್ಟುತ್ತದೆ. ಅದೂ ಇವತ್ತು ನಿನ್ನೆಯದಲ್ಲ, 1992ರ ಏಪ್ರಿಲ್‌ನಲ್ಲಿ ಶುರುವಾದದ್ದು. ಆಗ ನಮ್ಮ ಹುಬ್ಬಳ್ಳಿಯಲ್ಲಿ ಇನ್ನೂ ಹಳಿಗಳ ನಡುವೆ ಒಂದೇ ಮೀಟರ್ ಅಗಲದ ಮೀಟರ್ ಗೇಜ್ ಗಾಡಿ.

ಸೆವಿಲ್ ದೊಡ್ಡ ಊರಿರಬೇಕು ಅಂದುಕೊಂಡೆ. ಅಲ್ಲಿ ಏಳು ಲಕ್ಷ ಜನವೂ ಇಲ್ಲ. ನಮ್ಮ ಅವಳಿ ನಗರದಲ್ಲಿ 2011ರ ಜನಗಣತಿಯಲ್ಲೇ ಒಂಬತ್ತು ಲಕ್ಷ 43 ಸಾವಿರ. ಹಂಗಾದ್ರೆ ಅವರಿಗೆ ಯಾಕೆ ಸಿಕ್ಕಿತು, ನಮಗೆ ಯಾಕಿಲ್ಲ? ತಿಳಿದವರು ಹೇಳಿ.

ಪೇಢಾನಗರಿ | ಶನಿವಾರ ರಾತ್ರಿ 10:15

ಸೆವಿಲ್‌ಗೆ ಯಾಕೆ ಸಿಕ್ಕಿತು ಅನ್ನುವುದಕ್ಕೆ ಉತ್ತರ ಸುಲಭ. 1992ರಲ್ಲಿ ಅಲ್ಲಿ ವಿಶ್ವ ಮೇಳ ಎಕ್ಸ್‌ಪೋ ಇತ್ತು. ಆಗಿನ ಪ್ರಧಾನಿ ಫೆಲಿಪೆ ಗೊಂಜಾಲೆಜ್ ಸೆವಿಲ್‌ನವರೇ. ಬಾರ್ಸಿಲೋನಾಕ್ಕೆ ಮೊದಲು ಹಳಿ ಹಾಕಬೇಕಿತ್ತು ಅಂತ ಅಲ್ಲಿಯ ಜನ ಬಹಳ ಬೈದರು. ಬಾರ್ಸಿಲೋನಾಕ್ಕೆ ಪೂರ್ತಿ ಹಳಿ ಬಂದದ್ದು 2008ರಲ್ಲಿ. ಊರಿನವರೊಬ್ಬರು ಮೇಲೆ ಕೂತಿದ್ದರೆ ಏನಾಗುತ್ತದೆ ಅನ್ನುವುದು ಎಲ್ಲ ದೇಶದಲ್ಲೂ ಒಂದೇ.

ವರ್ಕ್‌ಶಾಪ್ ಮಗ | ಶನಿವಾರ ರಾತ್ರಿ 10:40

ಆ ಹುಡುಗನಿಗೆ ಉತ್ತರ ನಾನು ಹೇಳುತ್ತೇನೆ. ವಂದೇ ಭಾರತ್ 180ರ ವೇಗಕ್ಕೆ ಮಾಡಿದ ಗಾಡಿ. ದೇಶದ ಕೆಲವು ಕಡೆ 160ಕ್ಕೆ ಓಡಲು ಅನುಮತಿಯೂ ಇದೆ. ಗಾಡಿ ಹೋಗುತ್ತೇನೆ ಅನ್ನುತ್ತದೆ, ಹಳಿ ಬಿಡುವುದಿಲ್ಲ.

ನಮ್ಮಪ್ಪ ಹುಬ್ಬಳ್ಳಿ ವರ್ಕ್‌ಶಾಪಿನಲ್ಲೇ ರಿಟೈರ್ ಆದವರು. ಊಟದ ತಟ್ಟೆಯ ಅಂಚಿನಲ್ಲಿ ನಿಂಬೆಹಣ್ಣು ಉರುಳಿಸಿ ತೋರಿಸುತ್ತಿದ್ದರು. ಮೆಲ್ಲಗೆ ಉರುಳಿಸಿದರೆ ಅಂಚು ಹಿಡಿದು ಸುತ್ತುತ್ತದೆ. ಜೋರಾಗಿ ಬಿಟ್ಟರೆ ಹಾರಿ ಅವ್ವನ ಸಾರಿನ ಬೋಗುಣಿಗೆ. ತಿರುವಿನ ಲೆಕ್ಕ ಅಷ್ಟೇ. ವೇಗ ಎರಡು ಪಟ್ಟಾದರೆ ಹೊರಗೆ ತಳ್ಳುವ ಬಲ ನಾಲ್ಕು ಪಟ್ಟು. ಅದಕ್ಕೇ ಹೈಸ್ಪೀಡ್ ಹಳಿಯ ತಿರುವು ದೊಡ್ಡದಿರಬೇಕು. ಜಪಾನಿನ ಬುಲೆಟ್ ರೈಲು ಶಿಂಕಾನ್‌ಸೆನ್‌ನ ಮೊದಲ ಹಳಿಯಲ್ಲಿ ತಿರುವಿನ ತ್ರಿಜ್ಯ ಕನಿಷ್ಠ 2,500 ಮೀಟರ್ ಇಟ್ಟರು. ಆಮೇಲಿನವಕ್ಕೆ 4,000. ಚೀನಾದವರು 350ರ ವೇಗಕ್ಕೆ 7,000 ಮೀಟರ್ ಇಡುತ್ತಾರೆ. ಏಳು ಕಿಲೋಮೀಟರ್ ತ್ರಿಜ್ಯ ಅಂದರೆ, ನಿಂತು ನೋಡಿದರೆ ಅದು ತಿರುವು ಅಂತಲೇ ಗೊತ್ತಾಗುವುದಿಲ್ಲ.

ನಮ್ಮ ಹಳಿ? ಸದರ್ನ್ ಮರಾಠಾ ರೈಲ್ವೆಯವರು 1880ರ ದಶಕದಲ್ಲಿ ಉಗಿಬಂಡಿಗೆ ಹಾಕಿದ್ದು, ಮೀಟರ್ ಗೇಜ್. ದಿಬ್ಬ ಬಂದರೆ ಸುತ್ತು, ಹಳ್ಳ ಬಂದರೆ ಸುತ್ತು. ಮಣ್ಣು ಕಡಿಯುವ ಖರ್ಚು ಉಳಿಯಬೇಕಲ್ಲ. 1990ರ ದಶಕದಲ್ಲಿ ಗೇಜ್ ಅಗಲ ಮಾಡಿದರು. ದಾರಿ ಬಹುತೇಕ ಹಳೆಯದೇ. ಅದು ಹಾವೇರಿ, ದಾವಣಗೆರೆ, ಬೀರೂರು, ಅರಸೀಕೆರೆ ಅಂತ ಸುತ್ತಿಕೊಂಡು ಹೋಗುತ್ತದೆ. ಈಗ ದಾವಣಗೆರೆಯಿಂದ ಚಿತ್ರದುರ್ಗದ ಮೇಲೆ ತುಮಕೂರಿಗೆ ಹೊಸ ಹಳಿಯ ಕೆಲಸ ನಡೆದಿದೆ. ಅದು ಮುಗಿದರೆ ದೂರವೇ ಕಡಿಮೆಯಾಗುತ್ತದೆ. ಬುಲೆಟ್ ಬಿಡಿ, ನನಗೆ ಕೇಳಿದರೆ ನಮಗೆ ಮೊದಲು ಉಪಯೋಗಕ್ಕೆ ಬರುವುದು ಅದೇ.

ಗದಗಿನವ | ಶನಿವಾರ ರಾತ್ರಿ 11:05

ನೀವು ಮುನ್ನೂರು, ಮುನ್ನೂರೈವತ್ತು ಅಂತ ಲೆಕ್ಕ ಹಾಕುತ್ತಾ ಕೂತಿದ್ದೀರಿ. ಗದಗದಿಂದ ಹುಬ್ಬಳ್ಳಿ ಅರವತ್ತು ಕಿ.ಮೀ. ಕೂಡ ಇಲ್ಲ. ಹೋದ ತಿಂಗಳು ಅವ್ವನನ್ನು ಕಣ್ಣಿನ ಡಾಕ್ಟರಿಗೆ ತೋರಿಸಲು ಕರೆದುಕೊಂಡು ಹೊರಟೆ. ಗಾಡಿಯ ಹೆಸರು ಬೇಡ. ಹುಬ್ಬಳ್ಳಿ ಇನ್ನೇನು ಬಂತು ಅನ್ನುವಾಗ ಸಿಗ್ನಲ್‌ಗೆ ನಿಂತಿತು. ನಲವತ್ತು ನಿಮಿಷ. ಡಬ್ಬಿಯೊಳಗೆ ಗಿರ್ಮಿಟ್ ಮಾರುವ ಹುಡುಗನ ಬುಟ್ಟಿ ಖಾಲಿ ಆಯಿತು. ಅವನು ಕೆಳಗೆ ಹಾರಿ ಹಳಿಗುಂಟ ನಡೆದುಕೊಂಡು ಊರು ಸೇರಿದ. ನಾವು ಕೂತೇ ಇದ್ದೆವು. ಡಾಕ್ಟರ್ ಎದ್ದು ಹೋಗಿದ್ದರು.

ನಮಗೆ 60ರ ವೇಗ ಸಾಕು. ಹೇಳಿದ ಹೊತ್ತಿಗೆ ಮುಟ್ಟಿಸಿ. ಮುಂಬೈ–ಅಹಮದಾಬಾದ್ ಬುಲೆಟ್ ರೈಲಿನ 508 ಕಿ.ಮೀ.ಗೆ ಮೊದಲ ಅಂದಾಜೇ ಒಂದು ಲಕ್ಷ ಎಂಟು ಸಾವಿರ ಕೋಟಿ. ಅಷ್ಟು ದುಡ್ಡಿಗೆ ಎಷ್ಟು ಊರಿಗೆ ಜೋಡಿ ಹಳಿ ಬರುತ್ತಿತ್ತು?

ಉಣಕಲ್‌ದಂಡಿ | ಶನಿವಾರ ರಾತ್ರಿ 11:12

ಅಣ್ಣಾರ ಮಾತಿನಲ್ಲೂ ಹುರುಳಿದೆ.

ಪೇಢಾನಗರಿ | ಭಾನುವಾರ ಬೆಳಿಗ್ಗೆ 7:30

ಗದಗಿನವರೇ, ನೀವು ಹೇಳಿದ ಮಾತನ್ನೇ 1950ರ ದಶಕದಲ್ಲಿ ಜಪಾನಿನವರೂ ಹೇಳಿದರು. ಕಾರು, ವಿಮಾನ ಬಂದಿವೆ, ರೈಲಿನ ಕಾಲ ಮುಗಿಯಿತು, ಹೊಸ ಹಳಿಗೆ ದುಡ್ಡು ಸುರಿಯುವುದು ಹುಚ್ಚು ಅಂತ. ಈ ಕಥೆ ನನಗೆ ಬಹಳ ಇಷ್ಟ, ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಟೋಕಿಯೋ–ಒಸಾಕಾ ನಡುವಿನ ಹಳೆಯ ಹಳಿ 1,067 ಮಿ.ಮೀ.ನ ಕಿರುಗೇಜ್. ನಮ್ಮ ಮೀಟರ್ ಗೇಜ್‌ಗಿಂತ ಸ್ವಲ್ಪ ಅಗಲ, ಅಷ್ಟೇ. ಎಕ್ಸ್‌ಪ್ರೆಸ್, ಲೋಕಲ್, ಗೂಡ್ಸ್ ಎಲ್ಲ ಅದರ ಮೇಲೇ. ತುಂಬಿ ಹೋಗಿತ್ತು. ಹಳೆಯ ಹಳಿಯ ಪಕ್ಕದಲ್ಲೇ ಇನ್ನೆರಡು ಹಾಕಿ ಅಂದರು ಕೆಲವರು. ರೈಲ್ವೆ ಅಧ್ಯಕ್ಷ ಶಿಂಜಿ ಸೊಗೊ ಮತ್ತು ಮುಖ್ಯ ಇಂಜಿನಿಯರ್ ಹಿದಿಯೊ ಶಿಮಾ ಒಪ್ಪಲಿಲ್ಲ. ಬೇರೆಯೇ ಹಳಿ, ಬೇರೆ ಗೇಜ್, ಒಂದೂ ಗೇಟಿಲ್ಲ, ಗೂಡ್ಸ್ ಇಲ್ಲ. ಹೊಸ ಹಳಿ ಬಂದ ಮೇಲೆ ಹಳೆಯದರಲ್ಲಿ ಲೋಕಲ್‌ಗೂ ಗೂಡ್ಸ್‌ಗೂ ಜಾಗ ಸಿಕ್ಕಿತು. ಅಂದರೆ ಇದು ಬರೀ ವೇಗದ ಮಾತಲ್ಲ. ನಿಮ್ಮ ಗಾಡಿ ಸಿಗ್ನಲ್‌ನಲ್ಲಿ ನಿಂತದ್ದೂ ಇದಕ್ಕೇ ಅಲ್ವಾ? ಒಂದೇ ಹಳಿಗೆ ಹತ್ತು ಗಾಡಿ.

ಈಗ ತಮಾಷೆ ಕೇಳಿ. ಖರ್ಚು ಎಷ್ಟಾಗುತ್ತದೆ ಅಂತ ಸೊಗೊಗೆ ಗೊತ್ತಿತ್ತು. ನಿಜ ಹೇಳಿದರೆ ಸಂಸತ್ತು ಒಪ್ಪುವುದಿಲ್ಲ ಅಂತಲೂ ಗೊತ್ತಿತ್ತು. ಕಡಿಮೆ ಅಂದಾಜು ಕೊಟ್ಟರು. ಮೇಲೆ ವಿಶ್ವ ಬ್ಯಾಂಕಿನಿಂದ 8 ಕೋಟಿ ಡಾಲರ್ ಸಾಲ ತಂದರು. ಮೊತ್ತ ದೊಡ್ಡದಲ್ಲ, ಆದರೆ ಹೊರಗಿನ ಸಾಲ ಬಂದ ಮೇಲೆ ಸರ್ಕಾರ ಹಿಂದೆ ಸರಿಯುವ ಹಾಗಿಲ್ಲ. ಖರ್ಚು ಎರಡು ಪಟ್ಟಾಯಿತು. 1963ರಲ್ಲಿ ಸೊಗೊ ಕುರ್ಚಿ ಬಿಟ್ಟರು, ಶಿಮಾ ಕೂಡ ಹಿಂದೆಯೇ ಹೊರಟರು. 1964ರ ಅಕ್ಟೋಬರ್ 1ರಂದು, ಒಲಿಂಪಿಕ್ಸ್‌ಗೆ ಒಂಬತ್ತು ದಿನ ಮೊದಲು, ಮೊದಲ ಗಾಡಿ ಟೋಕಿಯೋ ಬಿಟ್ಟಿತು. ವೇಗ 210. ಕಟ್ಟಿದ ಇಬ್ಬರೂ ಆ ಸಮಾರಂಭದಲ್ಲಿ ಇರಲಿಲ್ಲ. ಶಿಮಾ ಮನೆಯಲ್ಲಿ ಟಿ.ವಿ.ಯಲ್ಲಿ ನೋಡಿದರು.

ಗದಗಿನವ | ಭಾನುವಾರ ಬೆಳಿಗ್ಗೆ 7:48

ಅಂದರೆ ಸುಳ್ಳು ಲೆಕ್ಕ ಕೊಟ್ಟು ಕಟ್ಟಿದ್ದು. ಇದನ್ನು ನಮ್ಮ ಕಡೆಯವರಿಗೆ ಹೇಳಬೇಡಿ ಸರ್, ಮೊದಲೇ ಆ ವಿದ್ಯೆ ಚೆನ್ನಾಗಿ ಬರುತ್ತದೆ.

ಪೇಢಾನಗರಿ | ಭಾನುವಾರ ಬೆಳಿಗ್ಗೆ 7:52

ನಿಜ. ಒಂದೇ ವ್ಯತ್ಯಾಸ, ಇವರು ಕುರ್ಚಿ ಬಿಟ್ಟರು.

ನಗೋಯಾದಿಂದ | ಭಾನುವಾರ ಬೆಳಿಗ್ಗೆ 9:20

ನಾನು ಹುಬ್ಬಳ್ಳಿ ಕೇಶ್ವಾಪುರದವಳು, ಈಗ ಜಪಾನಿನ ನಗೋಯಾದಲ್ಲಿ ಕೆಲಸ. ಎಳೆ ನೋಡಿ ಸುಮ್ನಿರಲು ಆಗಲಿಲ್ಲ.

ಅವ್ವ ಇಲ್ಲಿಗೆ ಬಂದಾಗ ಟೋಕಿಯೋದಿಂದ ಶಿಂಕಾನ್‌ಸೆನ್‌ನಲ್ಲೇ ಕರೆತಂದೆ. ನಗೋಯಾಕ್ಕೆ ಒಂದು ತಾಸು ನಲವತ್ತು ನಿಮಿಷ. ಹತ್ತಿದ ಕೂಡಲೇ ಅವ್ವ ಬುತ್ತಿ ಬಿಚ್ಚಿದಳು. ಕಟಕ್ ರೊಟ್ಟಿ, ಶೇಂಗಾ ಚಟ್ನಿ. ಲೋಟಕ್ಕೆ ಅಂಚಿನ ತನಕ ನೀರು ಹಾಕಿ ಮುಂದಿನ ಮಣೆಯ ಮೇಲೆ ಇಟ್ಟಳು. ಒಂದು ಕೈ ಸೀಟಿನ ಹಿಡಿಕೆ ಬಿಡಲೇ ಇಲ್ಲ. ಗಾಡಿ ಜೋರಾದಾಗ ಒಗೆಯುತ್ತದೆ ಅಂತ ಯಾರೋ ಹೆದರಿಸಿ ಕಳಿಸಿದ್ದರು. ಬಲಗಡೆ ಫ್ಯೂಜಿ ಪರ್ವತ ಕಂಡಿತು. ದೂರದ ಬೆಟ್ಟ, ಅದು ಮೆಲ್ಲಗೆ ಸರಿಯುತ್ತದೆ. "ಇನ್ನs ಜೋರ್ ಹಿಡದಿಲ್ಲೇನವಾ ಇದು?" ಅಂತ ಕೇಳಿದಳು. ಅವ್ವಾ, ಆಗಲೇ 285ಕ್ಕೆ ಹೋಗುತ್ತಿದೆ ಅಂದೆ. ನಂಬಲಿಲ್ಲ. ಅಷ್ಟರಲ್ಲಿ ಎದುರಿನ ಹಳಿಯಲ್ಲಿ ಇನ್ನೊಂದು ಗಾಡಿ ಬಂತು. ಧಪ್ ಅಂತ ಒಂದು ಸದ್ದು, ಕಿಟಕಿ ತುಂಬ ಬಿಳಿ ಗೆರೆ, ಮುಗಿಯಿತು. ಹದಿನಾರು ಡಬ್ಬಿಯ 400 ಮೀಟರ್ ಗಾಡಿ ಎರಡೂವರೆ ಸೆಕೆಂಡಿನಲ್ಲಿ ದಾಟಿ ಹೋಗಿತ್ತು. ಅವ್ವ ಲೋಟ ನೋಡಿದಳು. ನೀರು ಚೆಲ್ಲಿರಲಿಲ್ಲ. ಆಮೇಲೆ ಹಿಡಿಕೆ ಬಿಟ್ಟು ರೊಟ್ಟಿ ಮುರಿದಳು.

ನನಗೆ ವೇಗಕ್ಕಿಂತ ಬೇರೆ ಎರಡು ವಿಷಯ ದೊಡ್ಡದು ಅನಿಸಿದೆ. ಒಂದು, ರಾತ್ರಿ 12ರಿಂದ ಬೆಳಿಗ್ಗೆ 6ರವರೆಗೆ ಇಲ್ಲಿ ಒಂದು ಶಿಂಕಾನ್‌ಸೆನ್ ಕೂಡ ಓಡುವುದಿಲ್ಲ. ಆ ಆರು ತಾಸು ಪೂರ್ತಿ ಹಳಿ, ತಂತಿ ನೋಡುವವರದ್ದು. ಎರಡು, ಟೋಕಿಯೋದಲ್ಲಿ ಉತ್ತರಕ್ಕೆ ಹೋಗುವ ಗಾಡಿಗಳನ್ನು ಏಳು ನಿಮಿಷದಲ್ಲಿ ಗುಡಿಸಿ, ಒರೆಸಿ, ಸೀಟು ತಿರುಗಿಸಿ ಕೊಡುತ್ತಾರೆ. ಆಮೇಲೆ ಸಾಲಾಗಿ ನಿಂತು ಬಾಗಿ ನಮಸ್ಕಾರ ಮಾಡುತ್ತಾರೆ.

ಟಿಕೆಟ್ ಮಾತ್ರ ಸುಮ್ನೆ ಅಲ್ಲ. ಟೋಕಿಯೋ–ನಗೋಯಾ 11 ಸಾವಿರ ಯೆನ್ ದಾಟುತ್ತದೆ. ಇಲ್ಲಿನ ಕಾಲೇಜು ಹುಡುಗರು ರಾತ್ರಿ ಬಸ್ಸಿನಲ್ಲೇ ಹೋಗುತ್ತಾರೆ, ನಮ್ಮವರ ಹಾಗೆ.

ವರ್ಕ್‌ಶಾಪ್ ಮಗ | ಭಾನುವಾರ ಬೆಳಿಗ್ಗೆ 9:41

ಅಕ್ಕಾರೆ, ರಾತ್ರಿ ಆರು ತಾಸಿನ ಮಾತನ್ನು ಅಪ್ಪನಿಗೆ ಓದಿ ಹೇಳಿದೆ. "ಹಂಗಂದ್ರ ಗ್ಯಾಂಗ್‌ಮನ್ ನಿದ್ದಿಗೆಟ್ರೂ ಜೀವಾ ಉಳೀತದ" ಅಂದರು. ನಮ್ಮಲ್ಲಿ ಎರಡು ಗಾಡಿಯ ನಡುವೆ ಸಿಕ್ಕ ಹೊತ್ತಿನಲ್ಲಿ ಕೆಲಸ ಮುಗಿಸಿ ಬದಿಗೆ ಸರಿಯಬೇಕು.

ಏಲಕ್ಕಿಮಾಲೆ | ಭಾನುವಾರ ಮಧ್ಯಾಹ್ನ 12:10

ಹಾವೇರಿ ಕಡೆಯ ರೈತ ಹೆಣ್ಣುಮಗಳ ಎರಡು ಮಾತು. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೊಸ ಹಳಿ ಹಾಕಿದರೆ ಅದು ನಮ್ಮ ಹೊಲದ ಮೇಲೇ ಹೋಗಬೇಕು. ಗಾಡಿ ನಮ್ಮೂರಲ್ಲಿ ನಿಲ್ಲುತ್ತದಾ? ನಿಲ್ಲುವುದಿಲ್ಲ. ಎರಡೂ ಕಡೆ ಬೇಲಿ ಹಾಕುತ್ತಾರೆ. ನನ್ನ ಹೊಲ ಈ ಕಡೆ, ಬಾವಿ ಆ ಕಡೆ. ಎಮ್ಮೆ ಹೊಡೆದುಕೊಂಡು ಎಲ್ಲಿಗೆ ಹೋಗಲಿ? ಬ್ಯಾಡಗಿ ಮೆಣಸಿನಕಾಯಿ ಚೀಲ ಅದರಲ್ಲಿ ಹಾಕಲು ಬಿಡುತ್ತಾರಾ? ಇದಕ್ಕೆ ಉತ್ತರ ಹೇಳಿ, ಆಮೇಲೆ ನಿಂಬೆಹಣ್ಣು ಉರುಳಿಸಿ.

ವರ್ಕ್‌ಶಾಪ್ ಮಗ | ಭಾನುವಾರ ಮಧ್ಯಾಹ್ನ 12:55

ಅಕ್ಕಾ, ಬೇಲಿ ಬಗ್ಗೆ ಮೊದಲು ಹೇಳುತ್ತೇನೆ. ಈಗ ಕಟ್ಟುವ ಹಳಿ ಬಹಳಷ್ಟು ಕಡೆ ನೆಲದ ಮೇಲೆ ಹೋಗುವುದೇ ಇಲ್ಲ, ಕಂಬದ ಮೇಲೆ ಹೋಗುತ್ತದೆ. ಬೀಜಿಂಗ್–ಶಾಂಘೈ ಹಳಿ 1,318 ಕಿ.ಮೀ., ಅದರಲ್ಲಿ ದನ್ಯಾಂಗ್–ಕುನ್‌ಶಾನ್ ಸೇತುವೆ ಒಂದೇ 164 ಕಿ.ಮೀ. ದಾಟುತ್ತದೆ. ಅಂದರೆ ಹುಬ್ಬಳ್ಳಿಯಿಂದ ಹರಿಹರ ದಾಟುವ ತನಕ ಒಂದೇ ಸೇತುವೆ. ಮುಂಬೈ–ಅಹಮದಾಬಾದ್ ಕೂಡ ಬಹುಪಾಲು ಕಂಬದ ಮೇಲೆಯೇ. 40 ಮೀಟರ್ ಉದ್ದದ, 970 ಟನ್ ತೂಕದ ತೊಲೆಗಳನ್ನು ಇಡಿಯಾಗಿ ಎರಕ ಹೊಯ್ದು, ತಂದು ಕೂರಿಸುತ್ತಾರೆ. ಕೆಳಗೆ ಎಮ್ಮೆ ದಾಟಬಹುದು, ಟ್ರ್ಯಾಕ್ಟರೂ ದಾಟಬಹುದು.

ನಮ್ಮ ಕಡೆ ಕಂಬ ಬೇಕೇ ಬೇಕು, ಅದಕ್ಕೆ ಇನ್ನೊಂದು ಕಾರಣ ಇದೆ. ಎರೆ ಮಣ್ಣು. ಗದಗ, ನವಲಗುಂದ ಕಡೆ ನಿಮಗೇ ಗೊತ್ತು. ಬೇಸಿಗೆಯಲ್ಲಿ ಕಾಲು ಇಳಿಯುವಷ್ಟು ಬಿರುಕು, ಮಳೆ ಬಂದರೆ ಉಬ್ಬಿ ಹಿಟ್ಟಾಗುತ್ತದೆ. ಮನೆ ಗೋಡೆಯೇ ಸೀಳುತ್ತದೆ. 300ರ ವೇಗದ ಹಳಿ ಮಿಲಿಮೀಟರ್ ಲೆಕ್ಕದಲ್ಲಿ ಸಮ ಇರಬೇಕು. ಎರೆ ಮಣ್ಣಿನ ಮೇಲೆ ಏರಿ ಹಾಕಿ ಆ ಹಳಿ ಕೂರಿಸಿದರೆ ಒಂದು ಮಳೆಗಾಲಕ್ಕೆ ಕೆಲಸ ಮುಗಿಯಿತು. ಕೆಳಗಿನ ಗಟ್ಟಿ ನೆಲದ ತನಕ ಕಂಬ ಇಳಿಸಬೇಕು. ಖರ್ಚು ಯಾಕೆ ಅಷ್ಟಾಗುತ್ತದೆ ಅನ್ನುವುದಕ್ಕೆ ಇದೂ ಒಂದು ಕಾರಣ, ಗದಗಿನವರೇ.

ನಗೋಯಾದಿಂದ | ಭಾನುವಾರ ಮಧ್ಯಾಹ್ನ 1:20

ಹಾವೇರಿ ಅಕ್ಕಾರ "ನಿಲ್ಲುತ್ತದಾ" ಪ್ರಶ್ನೆಗೆ ಇಲ್ಲಿ ಒಂದು ಉಪಾಯ ಮಾಡಿದ್ದಾರೆ. ಒಂದೇ ಹಳಿಯಲ್ಲಿ ಮೂರು ತರಹದ ಗಾಡಿ. ನೊಜೊಮಿ ದೊಡ್ಡ ಊರಲ್ಲಿ ಮಾತ್ರ ನಿಲ್ಲುತ್ತದೆ, ಹಿಕಾರಿ ಇನ್ನೂ ಕೆಲವು ಕಡೆ ನಿಲ್ಲುತ್ತದೆ, ಕೊದಾಮಾ 17 ಸ್ಟೇಷನ್‌ನಲ್ಲೂ ನಿಲ್ಲುತ್ತದೆ. ಕೊದಾಮಾ ಸಣ್ಣ ಸ್ಟೇಷನ್‌ನಲ್ಲಿ ಬದಿಯ ಹಳಿಗೆ ಸರಿದು ನಿಲ್ಲುತ್ತದೆ, ನಡುವಿನ ಹಳಿಯಲ್ಲಿ ನೊಜೊಮಿ ಬುಸ್ ಅಂತ ಹೋಗುತ್ತದೆ. ಹಾವೇರಿಯಂಥ ಊರಿಗೆ ಕೊದಾಮಾ ಸರಿ.

ಮೆಣಸಿನಕಾಯಿ ಚೀಲ ಕಷ್ಟ. ಆದರೆ ಉತ್ತರದ ಕಡೆಯಿಂದ ಹಿಡಿದ ತಾಜಾ ಮೀನನ್ನು ಶಿಂಕಾನ್‌ಸೆನ್‌ನಲ್ಲೇ ಟೋಕಿಯೋಗೆ ತರುತ್ತಾರೆ.

ಪೇಢಾನಗರಿ | ಭಾನುವಾರ ಮಧ್ಯಾಹ್ನ 2:05

ಫ್ರಾನ್ಸಿನಲ್ಲಿ 1984ರಿಂದ 2015ರವರೆಗೆ ಅಂಚೆಯ ಹಳದಿ ಟಿಜಿವಿ ಹೈಸ್ಪೀಡ್ ಗಾಡಿ ಓಡಿತು, ಬರೀ ಟಪಾಲು ಹೊತ್ತು. ಕಾಗದ ಬರೆಯುವವರು ಕಡಿಮೆಯಾದರು, ಗಾಡಿಯೂ ನಿಂತಿತು.

ನಿಲ್ದಾಣದ ಮಾತು ಬಂತಲ್ಲ, ಅದೇ ಫ್ರಾನ್ಸಿನ ಇನ್ನೊಂದು ಕಥೆ. ಪ್ಯಾರಿಸ್‌ನಿಂದ ಉತ್ತರಕ್ಕೆ ಹಳಿ ಹಾಕುವಾಗ ಅಮಿಯಾಂ ಊರಿನವರು ನಮ್ಮೂರ ಮೇಲೆ ಬರಲಿ ಅಂದರು. ಸಾಂ-ಕಾಂತ್ಯಾಂ ಊರಿನವರಿಗೂ ಬೇಕಿತ್ತು. ಹಳಿ ಎರಡೂ ಊರಿಗೆ ಹೋಗಲಿಲ್ಲ. 1994ರಲ್ಲಿ ನಡುವೆ ಬಯಲಿನಲ್ಲಿ ಒಂದು ನಿಲ್ದಾಣ ಕಟ್ಟಿದರು. ಸುತ್ತ ಸಕ್ಕರೆ ಬೀಟ್‌ರೂಟ್ ಹೊಲ. ಅಲ್ಲಿಗೆ ಹಳೆಯ ರೈಲೂ ಹೋಗುವುದಿಲ್ಲ. ಜನ ಅದಕ್ಕೆ ಬೀಟ್‌ರೂಟ್ ಸ್ಟೇಷನ್ ಅಂತಲೇ ಹೆಸರಿಟ್ಟರು.

ಏಲಕ್ಕಿಮಾಲೆ | ಭಾನುವಾರ ಮಧ್ಯಾಹ್ನ 2:11

ಅಂದರೆ ನಮಗೆ ಮೆಣಸಿನಕಾಯಿ ಸ್ಟೇಷನ್. ಇಳಿದು ಸೀನುತ್ತಾ ಊರಿಗೆ ಆಟೋ ಹುಡುಕಬೇಕು.

ಗದಗಿನವ | ಭಾನುವಾರ ಮಧ್ಯಾಹ್ನ 2:14

ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವೆ ಎಲ್ಲಿ ಕಟ್ಟಬೇಕು ಅಂತ ನೀವಿಬ್ಬರೂ ಹತ್ತು ವರ್ಷ ಜಗಳ ಆಡುತ್ತೀರಿ. ಕೊನೆಗೆ ನವನಗರದ ಆಚೆ ಬಯಲಿನಲ್ಲಿ ಪೇಢಾ ಸ್ಟೇಷನ್.

ಮಾಡರೇಟರ್ | ಭಾನುವಾರ ಮಧ್ಯಾಹ್ನ 2:30

ಯಾವ ಅಂಗಡಿ ಪೇಢಾ ಒಳ್ಳೆಯದು ಅನ್ನುವ ಹದಿನೆಂಟು ಕಾಮೆಂಟುಗಳನ್ನು ಬೇರೆ ಎಳೆಗೆ ಸಾಗಿಸಿದ್ದೇನೆ. ರೈಲಿಗೆ ವಾಪಸ್ ಬನ್ನಿ.

ಉಣಕಲ್‌ದಂಡಿ | ಭಾನುವಾರ ಸಂಜೆ 5:40

ನನ್ನದೊಂದು ದಡ್ಡ ಪ್ರಶ್ನೆ. ನಮ್ಮ ಬ್ರಾಡ್ ಗೇಜ್ 1,676 ಮಿ.ಮೀ. ಬುಲೆಟ್ ರೈಲಿಗೆ 1,435ರ ಸ್ಟ್ಯಾಂಡರ್ಡ್ ಗೇಜ್ ಹಾಕುತ್ತಿದ್ದಾರೆ. ಇರುವ ಅಗಲ ಬಿಟ್ಟು ಕಿರಿದು ಮಾಡುವುದು ಯಾವ ಲೆಕ್ಕ? ಮತ್ತೆ ಮಿರಜ್ ಕಥೆ ಆಗುವುದಿಲ್ಲವಾ? ಅಜ್ಜ ಹೇಳುತ್ತಿದ್ದರು, ಮುಂಬೈಗೆ ಹೋಗಬೇಕಾದರೆ ಮಿರಜ್‌ನಲ್ಲಿ ಸಾಮಾನು ಹೊತ್ತು ಮೀಟರ್ ಗೇಜ್‌ನಿಂದ ಬ್ರಾಡ್ ಗೇಜ್ ಗಾಡಿಗೆ ಓಡಬೇಕಿತ್ತು ಅಂತ.

ವರ್ಕ್‌ಶಾಪ್ ಮಗ | ಭಾನುವಾರ ಸಂಜೆ 6:25

ದಡ್ಡ ಪ್ರಶ್ನೆ ಅಲ್ಲ, ದೊಡ್ಡ ದೊಡ್ಡವರೇ ಇದಕ್ಕೆ ಜಗಳ ಆಡಿದ್ದಾರೆ. ಜಪಾನಿನ ಗಾಡಿ, ಹಳಿ, ಸಿಗ್ನಲ್ ಎಲ್ಲ ಒಂದೇ ಕಟ್ಟು, ಅದು 1,435ಕ್ಕೇ ತಯಾರಾದದ್ದು. ಹಾಗಂತ ಅಗಲ ಗೇಜ್‌ನಲ್ಲಿ ವೇಗ ಆಗುವುದಿಲ್ಲ ಅಂತಲ್ಲ. ರಷ್ಯಾದ ಸಾಪ್ಸಾನ್ 1,520ರ ಗೇಜ್‌ನಲ್ಲಿ 250ಕ್ಕೆ ಓಡುತ್ತದೆ. ಉಜ್ಬೇಕಿಸ್ತಾನದಲ್ಲಿ ತಾಷ್ಕೆಂಟ್‌ನಿಂದ ಸಮರ್ಕಂದ್‌ಗೆ ಹೋಗುವ ಅಫ್ರೋಸಿಯಾಬ್ ಕೂಡ ಹಾಗೇ.

ಸ್ಪೇನಿನವರ ಹಳೆಯ ಹಳಿ 1,668, ನಮ್ಮದಕ್ಕಿಂತ ಎಂಟೇ ಮಿ.ಮೀ. ಕಡಿಮೆ. ಹೈಸ್ಪೀಡ್‌ಗೆ ಅವರೂ 1,435 ಹಾಕಿದರು. ನಿಮ್ಮ ಮಿರಜ್ ತಾಪತ್ರಯಕ್ಕೆ ಒಂದು ಉಪಾಯ ಕಂಡುಕೊಂಡರು. ಗೇಜ್ ಬದಲಾಗುವ ಕಡೆ ಒಂದು ಶೆಡ್ಡು. ಗಾಡಿ ಮೆಲ್ಲಗೆ ಅದರೊಳಗೆ ಹೋಗುತ್ತದೆ. ಡಬ್ಬಿಯ ಭಾರ ಪಕ್ಕದ ಪಟ್ಟಿಗಳ ಮೇಲೆ ಬೀಳುತ್ತದೆ, ಚಕ್ರದ ಬೀಗ ಬಿಚ್ಚುತ್ತದೆ, ಚಕ್ರಗಳು ಒಳಗೆ ಅಥವಾ ಹೊರಗೆ ಸರಿಯುತ್ತವೆ, ಮತ್ತೆ ಬೀಗ. ಜನ ಕೂತಲ್ಲೇ ಕೂತಿರುತ್ತಾರೆ. ಅಪ್ಪನಿಗೆ ಈ ವಿಡಿಯೋ ತೋರಿಸಿದರೆ ಮೂರು ಸಲ ಹಿಂದೆ ತಿರುಗಿಸಿ ನೋಡಿದರು.

ಇನ್ನೊಂದು ಸುದ್ದಿ. 280ರ ವೇಗಕ್ಕೆ ನಮ್ಮದೇ ಎರಡು ಗಾಡಿ ಮಾಡಿಕೊಡಲು ಚೆನ್ನೈನ ರೈಲು ಡಬ್ಬಿ ಕಾರ್ಖಾನೆ ಐಸಿಎಫ್‌ನವರು 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಬಿಇಎಂಎಲ್‌ಗೆ ಆರ್ಡರ್ ಕೊಟ್ಟಿದ್ದಾರೆ. ಕಟ್ಟುವುದು ಕನ್ನಡ ನೆಲದಲ್ಲಿ, ಓಡುವುದು ಮಾತ್ರ ಬೇರೆಯವರ ಊರಲ್ಲಿ.

ನೈಟ್ ಡ್ಯೂಟಿ | ಭಾನುವಾರ ರಾತ್ರಿ 8:50

ಗಾಡಿ ಓಡಿಸುವವನು ನಾನು. ಯಾವ ಗಾಡಿ, ಯಾವ ಡಿಪೋ ಕೇಳಬೇಡಿ. ನೀವೆಲ್ಲ ಓಡುವ ಮಾತು ಆಡುತ್ತಿದ್ದೀರಿ, ನಿಲ್ಲುವ ಮಾತನ್ನು ಯಾರೂ ಆಡಲಿಲ್ಲ.

ಎಂಜಿನ್‌ನಲ್ಲಿ ನಾವು ಇಬ್ಬರು ಇರುತ್ತೇವೆ. ಸಿಗ್ನಲ್ ಕಂಡ ಕೂಡಲೇ ಒಬ್ಬ ಬಣ್ಣ ಕೂಗಿ ಹೇಳಬೇಕು, ಇನ್ನೊಬ್ಬ ಅದನ್ನೇ ತಿರುಗಿ ಹೇಳಬೇಕು. ಕಣ್ಣಿಗೆ ಜೋಂಪು ಬಾರದಿರಲಿ ಅಂತ. ಜಪಾನಿನ ಚಾಲಕರೂ ಬೆರಳು ತೋರಿಸಿ ಕೂಗುತ್ತಾರೆ. ನೋಡಿ ಖುಷಿಯಾಯಿತು, ನಮ್ಮ ಜಾತಿಯವರೇ ಅನಿಸಿತು. ಆದರೆ 300ರ ವೇಗದಲ್ಲಿ ಸೆಕೆಂಡಿಗೆ 83 ಮೀಟರ್ ಹೋಗುತ್ತೀರಿ. ಹಳಿ ಪಕ್ಕದ ದೀಪ ಓದಲು ಆಗುವುದಿಲ್ಲ. ಬ್ರೇಕ್ ಹಾಕಿದರೆ ನಿಲ್ಲಲು ಮೂರು ಕಿ.ಮೀ.ಗಿಂತ ಜಾಸ್ತಿ ಬೇಕು. ಅದಕ್ಕೆ ಅಲ್ಲಿ ಸಿಗ್ನಲ್ ಚಾಲಕನ ಮುಂದಿನ ಪರದೆಯಲ್ಲೇ ಬರುತ್ತದೆ. ಅವನು ತಪ್ಪಿದರೆ ಯಂತ್ರವೇ ಬ್ರೇಕ್ ಹಾಕುತ್ತದೆ.

ಆ ಕಾವಲು ಎಲ್ಲಿ ಮುಗಿಯುತ್ತದೋ ಅಲ್ಲಿ ಅಪಾಯ. 2013ರ ಜುಲೈ 24, ಸ್ಪೇನಿನ ಸ್ಯಾಂಟಿಯಾಗೊ. 80ಕ್ಕೆ ಹೋಗಬೇಕಾದ ತಿರುವಿಗೆ ಗಾಡಿ 179ಕ್ಕೆ ಹೋಯಿತು. ಚಾಲಕ ಗಾಡಿಯ ಸಿಬ್ಬಂದಿ ಜೊತೆ ಫೋನಿನಲ್ಲಿ ಮಾತನಾಡುತ್ತಿದ್ದ. ತಾನಾಗಿ ವೇಗ ಇಳಿಸುವ ವ್ಯವಸ್ಥೆ ಆ ತಿರುವಿಗೆ ಮೊದಲೇ ಮುಗಿದಿತ್ತು. ಸುಮಾರು 80 ಜನ ಹೋದರು. ಚೀನಾದ ವೆನ್‌ಝೌದಲ್ಲಿ 2011ರಲ್ಲಿ ಸಿಡಿಲು ಬಡಿದು ಸಿಗ್ನಲ್ ಕೆಟ್ಟಿತು. ನಿಧಾನಕ್ಕೆ ಹೋಗುತ್ತಿದ್ದ ಗಾಡಿಗೆ ಹಿಂದಿನಿಂದ ಇನ್ನೊಂದು ಬಂದು ಹೊಡೆಯಿತು. 40 ಜನ. ಆಮೇಲೆ ಅವರು 350 ಇದ್ದದ್ದನ್ನು 300ಕ್ಕೆ ಇಳಿಸಿದರು, 2017ರಲ್ಲಿ ಮತ್ತೆ ಏರಿಸಿದರು. ಜರ್ಮನಿಯ ಎಶೆಡೆಯಲ್ಲಿ 1998ರ ಜೂನ್ 3ರಂದು ಒಂದು ಚಕ್ರದ ಹೊರಗಿನ ಉಕ್ಕಿನ ಪಟ್ಟಿ ತುಂಡಾಯಿತು, 101 ಜನ. ಸದ್ದು ಕಡಿಮೆ ಆಗಲಿ ಅಂತ ಆ ಪಟ್ಟಿಯ ಕೆಳಗೆ ರಬ್ಬರ್ ಹಾಕಿದ್ದರು.

ಜಪಾನಿನಲ್ಲಿ 1964ರಿಂದ ಇವತ್ತಿನ ತನಕ ಗಾಡಿ ಡಿಕ್ಕಿಯಾಗಿ ಅಥವಾ ಹಳಿ ತಪ್ಪಿ ಒಬ್ಬ ಪ್ರಯಾಣಿಕನೂ ಸತ್ತಿಲ್ಲ. ಭೂಕಂಪದ ನಾಡು ಅದು. 2004ರಲ್ಲಿ ನೀಗಾತಾ ಭೂಕಂಪದಲ್ಲಿ ಓಡುವ ಗಾಡಿ ಹಳಿ ತಪ್ಪಿತು, ಆಗಲೂ ಯಾರಿಗೂ ಜೀವಹಾನಿ ಆಗಲಿಲ್ಲ.

ನಮ್ಮಲ್ಲೂ ಚಾಲಕ ತಪ್ಪಿದರೆ ತಾನೇ ಬ್ರೇಕ್ ಹಾಕುವ ಕವಚ್ ಹಾಕುತ್ತಿದ್ದಾರೆ. ಬೇಗ ಎಲ್ಲ ಕಡೆ ಬರಲಿ. ನನಗೆ 300 ಬೇಡ, ಪಕ್ಕದಲ್ಲಿ ಅದೊಂದು ಕೂತಿದ್ದರೆ ಸಾಕು.

ಗದಗಿನವ | ಭಾನುವಾರ ರಾತ್ರಿ 9:02

ಅಣ್ಣಾರೆ, ನಿಮಗೆ ನಮಸ್ಕಾರ. ನಲವತ್ತು ನಿಮಿಷ ನಿಂತಾಗ ನಿಮ್ಮವರಿಗೇ ಬೈದಿದ್ದೆ.

ನೈಟ್ ಡ್ಯೂಟಿ | ಭಾನುವಾರ ರಾತ್ರಿ 9:06

ಎಲ್ಲರೂ ಬೈತಾರೆ ಬಿಡಿ. ಸಿಗ್ನಲ್ ಕೆಂಪಿದ್ದರೆ ನಾವೂ ಒಳಗೆ ಕೂತು ಚಹಾಕ್ಕೆ ಬಾಯಿ ಬಿಡುತ್ತಿರುತ್ತೇವೆ.

ಉಣಕಲ್‌ದಂಡಿ | ಸೋಮವಾರ ಬೆಳಿಗ್ಗೆ 8:15

ಇವತ್ತು ಬೆಳಿಗ್ಗೆ ಕೆರೆ ದಂಡೆಗೆ ವಾಕಿಂಗ್ ಹೋಗಿದ್ದೆ. ಮಿಂಚುಳ್ಳಿ ಒಂದು ತಂತಿಯ ಮೇಲಿಂದ ನೀರಿಗೆ ಬಿತ್ತು. ನಿನ್ನೆ ರಾತ್ರಿಯಷ್ಟೇ ಓದಿದ್ದು ನೆನಪಾಯಿತು. ಶಿಂಕಾನ್‌ಸೆನ್ ವೇಗವಾಗಿ ಸುರಂಗಕ್ಕೆ ನುಗ್ಗಿದಾಗ ಒಳಗಿನ ಗಾಳಿ ಒತ್ತಿಕೊಂಡು ಆ ಕಡೆ ಬಾಯಲ್ಲಿ ಗುಂಡು ಹಾರಿಸಿದಂಥ ಸದ್ದು ಬರುತ್ತಿತ್ತಂತೆ. ಊರಿನವರು ದೂರು ಕೊಟ್ಟರು. ಎಯಿಜಿ ನಕಾತ್ಸು ಅನ್ನುವ ಇಂಜಿನಿಯರ್‌ಗೆ ಹಕ್ಕಿ ನೋಡುವ ಹವ್ಯಾಸ. ಮಿಂಚುಳ್ಳಿ ಗಾಳಿಯಿಂದ ನೀರಿಗೆ ಬೀಳುವಾಗ ನೀರು ಹೆಚ್ಚು ಚಿಮ್ಮುವುದಿಲ್ಲ ಅನ್ನುವುದನ್ನು ಗಮನಿಸಿದ್ದರು. 1997ರಲ್ಲಿ 300ರ ವೇಗಕ್ಕೆ ಓಡಿದ 500 ಸರಣಿಯ ಗಾಡಿಗೆ ಆ ಕೊಕ್ಕಿನ ಹಾಗೆ 15 ಮೀಟರ್ ಉದ್ದದ ಮೂತಿ ಇಟ್ಟರು. ಮೇಲೆ ತಂತಿ ಮುಟ್ಟುವ ಪ್ಯಾಂಟೋಗ್ರಾಫ್‌ಗೆ ಗೂಬೆಯ ರೆಕ್ಕೆ ನೋಡಿ ಸದ್ದು ಇಳಿಸಿದರು.

ಸರಿಯಾಗಿ ನೋಡೋಣ ಅಂತ ಕಾದೆ. ನಮ್ಮ ಮಿಂಚುಳ್ಳಿ ಎರಡನೇ ಸಲ ಬಿದ್ದದ್ದು ಅಂತರಗಂಗೆ ಬಳ್ಳಿಯ ಮೇಲೆ. ಮೀನು ಸಿಗಲಿಲ್ಲ.

ಏಲಕ್ಕಿಮಾಲೆ | ಸೋಮವಾರ ಬೆಳಿಗ್ಗೆ 8:40

ಅದಕ್ಕೂ ನಿಧಾನ ಹೋಗು ಅನ್ನುವ ಕಾಷನ್ ಆರ್ಡರ್ ಕೊಟ್ಟಿದ್ದರೇನೋ.

ವರ್ಕ್‌ಶಾಪ್ ಮಗ | ಸೋಮವಾರ ರಾತ್ರಿ 9:30

ಇನ್ನೊಂದು ಲೆಕ್ಕ ಹಾಕಿದೆ, ಯಾರೂ ನಗಬೇಡಿ. ಪ್ರಪಂಚದ ಅತಿ ಉದ್ದದ ಪ್ಲಾಟ್‌ಫಾರ್ಮ್ ನಮ್ಮ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ್ದು, 1,507 ಮೀಟರ್. ತಾಸಿಗೆ ಐದು ಕಿ.ಮೀ. ಲೆಕ್ಕದಲ್ಲಿ ನಡೆದರೆ ಹದಿನೆಂಟು ನಿಮಿಷ ಬೇಕು. 300ರ ಗಾಡಿಗೆ ಹದಿನೆಂಟು ಸೆಕೆಂಡ್. ಮನುಷ್ಯನ ನಿಮಿಷಕ್ಕೆ ಅದರದು ಒಂದು ಸೆಕೆಂಡ್. ಆ ಹುಡುಗ ಮತ್ತೆ ಸಿಕ್ಕರೆ ಇದನ್ನು ಹೇಳಿ.

ಅಪ್ಪನಿಗೆ ಹೇಳಿದೆ. "ಕಾಗದದ ಮ್ಯಾಲೆ ಹೇಳಬ್ಯಾಡ, ನಡಿ" ಅಂದರು. ಸಂಜೆ ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆದುಕೊಂಡು ಇಬ್ಬರೂ ಹೋದೆವು. ಒಂದು ತುದಿಯಲ್ಲಿ ಅಪ್ಪ ತಮ್ಮ ಹಳೆಯ ಕೈಗಡಿಯಾರ ನೋಡಿ "ಹೊಂಟ್ವಿ" ಅಂದರು. ನಡುವೆ ಹಳೆಯ ಫಿಟ್ಟರ್ ಒಬ್ಬರು ಸಿಕ್ಕರು. ಆಮೇಲೆ ಚಹಾ. ಆಮೇಲೆ ಪಕ್ಕದ ಹಳಿಯಲ್ಲಿ ನಿಂತಿದ್ದ ಡಬ್ಬಿಯ ಚಕ್ರವನ್ನು ಅಪ್ಪ ಬಗ್ಗಿ ನೋಡಿದರು, ಏನೋ ಗೊಣಗಿದರು. ಆ ತುದಿ ಮುಟ್ಟಿದಾಗ ಐವತ್ತೆರಡು ನಿಮಿಷ.

ನೈಟ್ ಡ್ಯೂಟಿ | ಸೋಮವಾರ ರಾತ್ರಿ 9:44

ಕ್ರಾಸಿಂಗ್‌ಗೆ ಎರಡು ಕಡೆ ನಿಂತಿರಿ, ಅದಕ್ಕೆ.